ನಿಂತ ಗಿಡದ ಕಾಯಿ

"ಪಿಂಚಣಿದವರು ಮಗ್ಗಲ ಆಫೀಸಿಗೆ ಹೋಗ್ರಿ," ಎಂದು ಬಾಗಿಲಲ್ಲಿದ್ದ ಸಿಪಾಯಿ ಹೇಳುವಷ್ಟರಲ್ಲಿ ಶೇವಂತಾ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಯಾರಾದರೂ ಅತ್ತ ಹೋಗು ಅಂದರೆ ಅವಳ ಕಾಲು ಮೊದಲು ಸರಿಯುತ್ತಿತ್ತು, ಯಾಕೆ ಎಂಬ ಪ್ರಶ್ನೆ ಆಮೇಲೆ ಬರುತ್ತಿತ್ತು. ಅರವತ್ತು ದಾಟಿದರೂ ಈ ಕಾಲಿಗೆ ಬುದ್ಧಿ ಬರಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಸೊಸೆ ಕಾವೇರಿ ಹಿಂದಿನಿಂದ ಮುಂದೆ ಬಂದು ನೋಟೀಸು ಚಾಚಿದಳು. "ಪಿಂಚಣಿ ಅಲ್ಲರೀ. ತೊಗರಿ ತಳಿದು ವಿಚಾರಣಿ. ಕಮಲಾಪುರದವರು ನಾವು." ಸಿಪಾಯಿ ಕಾಗದ ಓದಿದ, ಶೇವಂತಾಳ ಮುಖ ನೋಡಿದ, ಮತ್ತೆ ಕಾಗದ ಓದಿದ. "ಇದರಾಗ ಅರ್ಜಿದಾರ ಮಹಾದೇವಪ್ಪ ಅಂತ ಅದ." "ನಮ್ಮ ಮಾವ ಅವರು. ಮೊಣಕಾಲು ಹಿಡಕೊಂಡದ, ಬಸ್ ಹತ್ತಾಕ ಆಗಂಗಿಲ್ಲ. ಅವರ ಪರವಾಗಿ ಅತ್ತಿ ಬಂದಾರ." ಸಿಪಾಯಿ ದಾರಿ ಬಿಟ್ಟ. ಅವರ ಪರವಾಗಿ ಎಂಬ ಮಾತು ಮಾತ್ರ ಶೇವಂತಾಳ ಜೊತೆಗೇ ಒಳಗೆ ಬಂತು, ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ.

ಒಳಗೆ ಉದ್ದನೆಯ ಕೋಣೆ, ಮೇಲೆ ಮೂರು ಪಂಖಾ, ಒಂದು ಮಾತ್ರ ತಿರುಗುತ್ತಿತ್ತು. ಕಲಬುರಗಿಯ ಚೈತ್ರದ ಬಿಸಿಲು ಹತ್ತೂವರೆಗೇ ಕಿಟಕಿಯ ಕಬ್ಬಿಣವನ್ನು ಕಾಯಿಸಿತ್ತು. ಮೇಜಿನ ಆಚೆ ದಿಲ್ಲಿಯಿಂದ ಬಂದ ಅಧಿಕಾರಿ, ತೆಳ್ಳಗಿನ ಮನುಷ್ಯ, ಕನ್ನಡ ಬಾರದವರು. ಅವರ ಪಕ್ಕದಲ್ಲಿ ಕೃಷಿ ಕಾಲೇಜಿನ ಮದಿಹಾ ಮೇಡಂ. ಎರಡು ವರ್ಷ ತೊಗರಿಯನ್ನು ತಮ್ಮ ಹೊಲದಲ್ಲಿ ಬೆಳೆಸಿ ಪರೀಕ್ಷೆ ಮಾಡಿದವರು ಅವರೇ, ಇವತ್ತು ಮಾತನ್ನು ಹಿಂದಿಗೆ ತಿರುಗಿಸುವವರೂ ಅವರೇ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಶೇವಂತಾಳ ತೊಗರಿ ಇತ್ತು. ಕೆಂಪು ಕಾಳು, ಬೆನ್ನ ಮೇಲೊಂದು ಕರಿ ಗೆರೆ. ಮನೆಯ ಮಡಕೆಯಲ್ಲಿ ಬೂದಿಯ ನಡುವೆ ಮಲಗುವ ಕಾಳು ಇಲ್ಲಿ ನಂಬರು ಅಂಟಿಸಿಕೊಂಡು ಕುಳಿತದ್ದನ್ನು ನೋಡಿ ಅವಳಿಗೆ ಆಸ್ಪತ್ರೆಯಲ್ಲಿ ಮಲಗಿದ ಸಂಬಂಧಿಕರನ್ನು ಕಂಡಂತಾಯಿತು. ಎದುರಿನ ಸಾಲಿನಲ್ಲಿ ಇಬ್ಬರು. ಒಬ್ಬ ಕರಿ ಕೋಟಿನ ವಕೀಲ ನೀಲಕಂಠ, ಬೀಜದ ಕಂಪನಿಯೊಂದರ ಪರವಾಗಿ ಬಂದವನು. ಇನ್ನೊಬ್ಬರು ಗಾಜಿಪುರದ ಆನಂದತೀರ್ಥ, ಆ ತೊಗರಿ ತಮ್ಮ ಮನೆತನದ್ದು ಎಂದು ಆ ಕಂಪನಿಯ ಜೊತೆ ಸೇರಿ ತಕರಾರು ಹಾಕಿದವರು. ಹಣೆಯ ಮೇಲೆ ಸಣ್ಣ ಅಂಗಾರದ ಗೆರೆ, ಬೆಳ್ಳಗಾದ ಕೂದಲು. ಶೇವಂತಾ ಅವರನ್ನು ಕಂಡ ಕೂಡಲೆ ಗುರುತಿಸಿದಳು. ಅದೇ ಮೂಗು. ಅವರ ಅಪ್ಪ, ತನ್ನ ಹಳೆಯ ಧಣಿ ಬಂಡುರಾಯರ ಮೂಗು.

ಕೂಡುವಾಗ ಕುರ್ಚಿಯ ಅಂಚಿನಲ್ಲಿ ಕುಳಿತಳು. ಕಾವೇರಿ ಮೊಣಕೈಯಿಂದ ತಿವಿದು, "ಪೂರಾ ಕೂಡ್ರಿ ಅತ್ತಿ," ಎಂದಳು. ಈ ಹುಡುಗಿಗೆ ಯಾವುದೂ ಅಳುಕಿಲ್ಲ. ಕಮಲಾಪುರದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾ ಸಿಕ್ಕಿದ್ದನ್ನೆಲ್ಲ ಓದಿ ಮನೆಗೆ ತಂದು ಹೇಳುವವಳು. ಮೂರು ವರ್ಷದ ಹಿಂದೆ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಪಕ್ಕ ಕುಳಿತು ಈ ಕಾಯ್ದೆಯ ಸುದ್ದಿ ತೆಗೆದವಳೂ ಅವಳೇ. ಜಗತ್ತಿನ ದೇಶಗಳೆಲ್ಲ ಕೂಡಿ ವ್ಯಾಪಾರದ ಕರಾರು ಮಾಡಿಕೊಂಡವಂತೆ, ಹೊಸ ತಳಿ ಮಾಡಿದವರಿಗೆ ಅದರ ಒಡೆತನ ಕೊಡಬೇಕು ಅಂತ ಅದರಲ್ಲಿ ಇದೆಯಂತೆ. "ನಮ್ಮ ದೇಶಾನೂ ಸಹಿ ಮಾಡ್ಯದ. ಸಹಿ ಮಾಡಿದ ಮ್ಯಾಲ ಇಲ್ಲೂ ಕಾಯ್ದೆ ಆಗಬೇಕಲ್ಲ, ಆಯ್ತು. ಆದ್ರ ನಮ್ಮವರು ಕಂಪನಿಯವರನ್ನಷ್ಟೇ ಬರೀಲಿಲ್ಲ ಅತ್ತಿ, ರೈತರ ಹಕ್ಕು ಅಂತ ಒಂದು ಅಧ್ಯಾಯನೇ ಹಾಕ್ಯಾರ." ಹಕ್ಕು ಎಂದದ್ದು ಶೇವಂತಾಳಿಗೆ ಹಕ್ಕಲು ಎಂದು ಕೇಳಿಸಿತ್ತು. ರಾಶಿಯಾದ ಮೇಲೆ ಹೊಲದಲ್ಲಿ ಉದುರಿ ಉಳಿದ ಕಾಳು, ಕೂಲಿಯವರು ಆಯ್ದುಕೊಳ್ಳುವುದು, ಅದು ಹಕ್ಕಲು. ಅದಕ್ಕೂ ಸರ್ಕಾರ ಕಾಯ್ದೆ ಮಾಡಿತೇ ಎಂದು ಕೇಳಿದ್ದಳು. ಕಾವೇರಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಿದ್ದಳು. ಶೇವಂತಾ ಮಾತ್ರ ನಗಲಿಲ್ಲ. ಹಕ್ಕಲಿಗೆ ಒಂದು ಕಟ್ಟಳೆ ಇತ್ತು: ನೆಲಕ್ಕೆ ಬಿದ್ದದ್ದು ಬಡವರದು, ನಿಂತ ಗಿಡದಲ್ಲಿರುವುದು ಧಣಿಯದು. ಆ ಕಟ್ಟಳೆಯನ್ನು ತಾನು ಮುರಿದದ್ದನ್ನು ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಆ ವರ್ಷ ಬಂಡುರಾಯರ ಮೇಲಿನ ಹೊಲಕ್ಕೆ ನೆಟೆ ರೋಗ ಬಿದ್ದಿತ್ತು. ದೀಪಾವಳಿಗೆ ಹೂವು ತುಂಬಿದ್ದ ತೊಗರಿ ಹದಿನೈದೇ ದಿನದಲ್ಲಿ ನಿಂತಲ್ಲೇ ಒಣಗಿತು. ಕಳೆ ಕೀಳಲು ಹೋಗುತ್ತಿದ್ದ ಶೇವಂತಾ ಆ ಒಣಗಿದ ಹೊಲದ ನಡುವೆ ಒಂದೇ ಒಂದು ಗಿಡ ಹಸಿರಾಗಿ ನಿಂತದ್ದನ್ನು ಕಂಡಿದ್ದಳು. ಹೊಸದಾಗಿ ಮದುವೆಯಾಗಿ ಬಂದವಳು, ಯಾರೊಡನೆ ಏನು ಹೇಳಬೇಕು ತಿಳಿಯದು. ದಿನಾ ಹಾದು ಹೋಗುವಾಗ ಅದನ್ನೊಮ್ಮೆ ಮುಟ್ಟಿ ಹೋಗುತ್ತಿದ್ದಳು. ನಿನಗೆ ಹೆಂಗ ಏನೂ ಆಗಲಿಲ್ಲ ಎಂದು ಮನಸ್ಸಿನಲ್ಲೇ ಕೇಳುತ್ತಿದ್ದಳು. ಕಾಯಿ ಬಲಿತು ಒಣಗಿದ ದಿನವೇ ಬಂಡುರಾಯರು ಹೊಲವನ್ನೆಲ್ಲ ಕಿತ್ತು ಸುಡಲು ಹೇಳಿದರು. ಅವಳ ಕೈ ತಾನಾಗಿ ಹೋಯಿತು. ಹನ್ನೊಂದು ಕಾಯಿ. ಉಡಿಯಲ್ಲಿ ಹಾಕಿಕೊಳ್ಳಲಿಲ್ಲ, ತುರುಬು ಬಿಚ್ಚಿ ಅದರೊಳಗೆ ಸೇರಿಸಿ ಕಟ್ಟಿ ಸೆರಗು ಹೊದ್ದಳು. ಹೊಲದ ಬದುವಿನಲ್ಲಿ ಆ ದಿನ ಹೆಂಗಸರು ಕಾಳು ಕದಿಯುತ್ತಾರೆಂದು ಯಾರೋ ಹೊಟ್ಟೆಕಿಚ್ಚಿಗೆ ಹೇಳಿದ್ದಕ್ಕೆ ರಾಯರು ಎಲ್ಲ ಹೆಂಗಸರ ಉಡಿ ಬಿಚ್ಚಿಸಿದರು. ಕೆಳಗಿನ ಹೊಲದಲ್ಲಿ ಆಯ್ದ ಹಕ್ಕಲನ್ನೂ ನೆಲಕ್ಕೆ ಸುರಿಸಿದರು. ಶೇವಂತಾಳೂ ಉಡಿ ಬಿಚ್ಚಿ ಸುರಿದಳು. ಒಣಗಿದ ಕಾಯಿಯ ಚೂಪು ತುದಿ ನೆತ್ತಿಗೆ ಚುಚ್ಚುತ್ತಿತ್ತು. ಕಾಲೇಜು ಓದುತ್ತಿದ್ದ ರಾಯರ ಮಗ ಆನಂದತೀರ್ಥ ಅಪ್ಪನ ಪಕ್ಕ ನಿಂತಿದ್ದ, ಉಡಿ ಬಿಚ್ಚುವಾಗ ಮುಖ ತಿರುಗಿಸಿದ್ದ. ಶೇವಂತಾ ನೀರು ಕೇಳಿದಾಗ ರಾಯರ ಹೆಂಡತಿ ಚಂದ್ರಾಬಾಯಿ ಮುಟ್ಟದಂತೆ ಮೇಲಿನಿಂದ ಬೊಗಸೆಗೆ ನೀರು ಹೊಯ್ದಳು. ಬಗ್ಗಿದವಳ ತಲೆಯನ್ನು ಕ್ಷಣಹೊತ್ತು ನೋಡಿ, "ಸೆರಗು ಸರಿ ಮಾಡ್ಕೊ," ಎಂದಳು. ಅವಳಿಗೆ ಕಾಯಿ ಕಂಡಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು.

"ಅಮ್ಮಾ, ನಿಮ್ಮನ್ನ ಕರೀಲಾಕತ್ತಾರ," ಎಂದರು ಮದಿಹಾ. ಶೇವಂತಾ ಎದ್ದು ನಿಂತಳು. ಕುಳಿತೇ ಹೇಳಬಹುದು ಎಂದರು. ಕುಳಿತಳು. ಹೇಳಬೇಕಾದದ್ದನ್ನು ಮಹಾದೇವಪ್ಪ ರಾತ್ರಿ ಊಟದ ಹೊತ್ತಿಗೇ ಬಾಯಿಪಾಠ ಮಾಡಿಸಿದ್ದ: ಈ ಬೀಜ ನಮ್ಮ ಮಾವನ ಕಾಲದ್ದು, ಅವರಿಂದ ನನ್ನ ಗಂಡಗ ಬಂತು. ಮೊದಮೊದಲು ಬಂದವರ ಮುಂದೆ ಆಡಂಬರಕ್ಕೆ ಹೇಳುತ್ತಿದ್ದ ಮಾತು ಅದು. ಬೀಜ ಎಲ್ಲಿಯದು ಎಂದು ಅವನು ಮದುವೆಯ ಹೊಸದರಲ್ಲಿ ಒಮ್ಮೆ ಕೇಳಿದ್ದ, ಅವಳು ಯಾರೋ ಕೊಟ್ಟರು ಎಂದಿದ್ದಳು. ಆ ಯಾರೋ ಎಂಬ ಖಾಲಿ ಜಾಗದಲ್ಲಿ ಅವನು ಮೆಲ್ಲಗೆ ತನ್ನ ಅಪ್ಪನನ್ನು ಕೂರಿಸಿದ್ದ. ಸುತ್ತಲಿನವರು ಹೊಲ ನೋಡಲು ಬಂದಾಗ ಅವನು ಅಪ್ಪನ ಕಥೆ ಹೇಳುತ್ತಿದ್ದ, ಅವಳು ಚಹಾ ತಂದು ಇಟ್ಟು ಒಳಗೆ ಹೋಗುತ್ತಿದ್ದಳು. ಒಳಗೆ ನಿಂತು ಕೇಳುವಾಗ ಅದು ಸುಳ್ಳು ಎಂದು ಕೂಗಿ ಹೇಳಬೇಕೆನಿಸುತ್ತಿತ್ತು, ಮರುಕ್ಷಣವೇ ಸಮಾಧಾನವೂ ಆಗುತ್ತಿತ್ತು. ಮಾವನ ಹೆಸರಿನ ಕೆಳಗೆ ತನ್ನ ಕಳವು ಅಡಗಿ ಕುಳಿತಿತ್ತಲ್ಲ.

ಅವಳು ಬಾಯಿಪಾಠ ಒಪ್ಪಿಸಿದಳು. ನೀಲಕಂಠ ಎದ್ದ. ಮೃದುವಾದ ದನಿ. "ಆಯಿ, ನಿಮ್ಮ ಮಾವನ ಹೆಸರಿಗೆ ಎಷ್ಟು ಎಕರೆ ಹೊಲ ಇತ್ತು?"

"ಇರಲಿಲ್ಲರೀ."

"ನಿಮ್ಮ ಗಂಡಗ?"

"ಆಗ ಇರಲಿಲ್ಲ. ಆಮ್ಯಾಲ ಸರ್ಕಾರ ಎರಡು ಎಕರೆ ಕೊಡ್ತು."

"ಅಂದ್ರ ಮಾವನ ಕಾಲಕ್ಕ ನಿಮಗ ಹೊಲಾನೇ ಇಲ್ಲ. ಹೊಲಿಲ್ಲದವರು ತಳಿ ಹೆಂಗ ಮಾಡ್ತಾರ? ಎಲ್ಲಿ, ತಲಿ ಮ್ಯಾಲ ಬೆಳದ್ರೇನು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನಿಗೆ ಏನೂ ಗೊತ್ತಿಲ್ಲದೆ ಆಡಿದ ಮಾತು, ಆದರೆ ಶೇವಂತಾಳ ನೆತ್ತಿ ಉರಿಯಿತು. ಕಾವೇರಿ ಎದ್ದು ಏನೋ ಹೇಳಹೊರಟಳು, ಅಧಿಕಾರಿ ಕೈ ಎತ್ತಿ ಕೂರಿಸಿದರು. ನೀಲಕಂಠ ಮುಂದುವರಿಸಿದ್ದ: ಈ ಹೆಂಗಸು ರಾಯರ ಹೊಲದಲ್ಲಿ ಕೂಲಿಗೆ ಇದ್ದವಳು, ಬೀಜ ಅಲ್ಲಿಂದಲೇ ಹೋಗಿರಬೇಕು, ತಳಿ ಮಾಡುವುದು ಓದು ಬರಹ ಬಲ್ಲವರ ಕೆಲಸ. ಮದಿಹಾ ಅದನ್ನು ಹಿಂದಿಗೆ ತಿರುಗಿಸುತ್ತಿದ್ದರು. ಕೂಲಿಯವಳು ಎಂಬ ಮಾತು ಎರಡು ಭಾಷೆಯಲ್ಲಿ ಎರಡು ಸಲ ಬಂದು ಬಡಿಯಿತು. ಶೇವಂತಾಳ ಕಾಲು ಹಿಂದೆ ಸರಿಯಲು ಹವಣಿಸಿತು, ಕುರ್ಚಿಯ ಕಾಲು ಅಡ್ಡ ಬಂತು. ಸುಳ್ಳು ಹೇಳಿದರೆ ಈ ಮನುಷ್ಯ ಇನ್ನೆರಡು ಪ್ರಶ್ನೆಯಲ್ಲಿ ಬಯಲು ಮಾಡುತ್ತಾನೆ. ನಿಜ ಹೇಳಿದರೆ ಕಳ್ಳಿ ಎನ್ನುತ್ತಾನೆ. ಆದರೆ ಇವೆರಡಕ್ಕಿಂತ ಬೇರೊಂದು ಯೋಚನೆ ಅವಳನ್ನು ಹಿಡಿದು ಅಲ್ಲಾಡಿಸಿತು. ಈ ಕೋಣೆಯಲ್ಲಿ ಒಬ್ಬರು ಬಂಡುರಾಯರ ಹೆಸರು ಹೇಳುತ್ತಿದ್ದಾರೆ, ನಾನು ಮಾವನ ಹೆಸರು ಹೇಳುತ್ತಿದ್ದೇನೆ. ಇಬ್ಬರೂ ಸತ್ತಿದ್ದಾರೆ. ಆ ಗಿಡವನ್ನು ಮುಟ್ಟಿದ ಕೈ ಇಲ್ಲಿ ತೊಡೆಯ ಮೇಲೆ ಬಿದ್ದಿದೆ, ಯಾರೂ ಅದನ್ನು ಕೇಳುತ್ತಿಲ್ಲ.

"ನಮ್ಮ ಮಾವಂದು ಅಲ್ಲರೀ," ಎಂದಳು. "ಸುಳ್ಳು ಹೇಳಿದೆ. ಬೀಜ ನಾ ತಂದೆ. ಬಂಡುರಾಯರ ಹೊಲದಾಗಿನ ನಿಂತ ಗಿಡದ್ದು. ಕದ್ದೆ."

ಕಾವೇರಿ ಅವಳ ಸೆರಗು ಜಗ್ಗಿದಳು. ನೀಲಕಂಠನ ಮುಖ ಅರಳಿತು. ಮದಿಹಾ ಅಧಿಕಾರಿಯತ್ತ ತಿರುಗದೆ ಇವಳನ್ನೇ ನೋಡಿ, ತಗ್ಗಿದ ದನಿಯಲ್ಲಿ, "ಅಮ್ಮಾ, ಕದ್ದೆ ಅಂತ ಹಂಗೇ ಹೇಳ್ಲಿ? ಇಲ್ಲಾ ಬರೇ ತಂದೀನಿ ಅಂತ ಹೇಳ್ಲಿ?" ಎಂದರು. ಶೇವಂತಾ ಅಧಿಕಾರಿಯ ಕಡೆಗೇ ತಿರುಗಿದಳು. ಕಲಬುರಗಿಯ ರೋಜಾ ಓಣಿಯ ಅಂಗಡಿಗಳಲ್ಲಿ, ಸಂತೆಯಲ್ಲಿ ಕಲಿತ ಹಿಂದಿ ಮಾತು ಬಾಯಿಗೆ ಬಂತು. "ಮೈ ಚೋರಿ ಕರಿ, ಸಾಬ್. ಗ್ಯಾರಾ ಫಲ್ಲಿ. ಇದರ್," ಎಂದು ಹನ್ನೊಂದು ಕಾಯಿ ಅಡಗಿಸಿದ್ದ ತುರುಬನ್ನು ಮುಟ್ಟಿ ತೋರಿಸಿದಳು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು.

ಆಮೇಲೆ ಅವಳು ಕನ್ನಡದಲ್ಲಿ ಹೇಳಿದಳು. ಎಲ್ಲವನ್ನೂ ಹೇಳಿದಳು, ಒಣಗಿದ ಹೊಲ, ಒಂದು ಗಿಡ, ಬದುವಿನ ಮೇಲೆ ಬಿಚ್ಚಿದ ಉಡಿ. ಹೇಳುತ್ತಾ ಹೋದ ಹಾಗೆ ದನಿ ತಾನೇ ದೊಡ್ಡದಾಯಿತು. ಹನ್ನೊಂದು ಕಾಯಿಯಲ್ಲಿ ಮೂವತ್ತೆಂಟು ಕಾಳು ಇದ್ದವು. ಗುಡಿಸಲಿನ ಹಿಂದೆ ಊರಿದಳು. ಚೆನ್ನಾಗಿಯೇ ಬಂದವು, ಆದರೆ ಅವಳಿಗೆ ನಂಬಿಕೆ ಬರಲಿಲ್ಲ. ಅಲ್ಲಿಯ ಮಣ್ಣಿಗೆ ರೋಗವೇ ಇಲ್ಲದಿದ್ದರೆ ಗಿಡಕ್ಕೆ ತಾಕತ್ತಿದೆ ಎಂದು ಹೇಗೆ ತಿಳಿಯಬೇಕು? "ಅದಕ್ಕ ಮರುವರ್ಷ ರಾಯರ ನೆಟೆ ಬಿದ್ದ ಹೊಲದ ಮಣ್ಣು ಬುಟ್ಟಿ ಬುಟ್ಟಿ ಹೊತಕೊಂಡು ಬಂದು ಗುಡಿಸಲ ಹಿಂದ ಸುರುವಿದೆ. ಜನ ಹುಚ್ಚಿ ಅಂದ್ರು. ಅದೇ ಕೆಟ್ಟ ಮಣ್ಣಿನಾಗ ಬಿತ್ತಿದೆ. ಅರ್ಧಕ್ಕರ್ಧ ಸತ್ತವು. ನಿಂತವನ್ನಷ್ಟೇ ಆರಿಸಿ ಬೀಜಕ್ಕ ಇಟ್ಟೆ. ಮತ್ತ ಅದೇ ಮಣ್ಣು, ಮತ್ತ ನಿಂತವು ಅಷ್ಟೇ. ಆರು ವರ್ಷ ಹಂಗ ಮಾಡಿದೆ. ಏಳನೇ ವರ್ಷ ಒಂದೂ ಸಾಯಲಿಲ್ಲ."

ಮದಿಹಾ ತಿರುಗಿಸುವುದನ್ನೇ ಮರೆತಿದ್ದರು. ಅಧಿಕಾರಿ ಕ್ಯಾ ಬೋಲಿ ಎಂದು ಎರಡು ಸಲ ಕೇಳಬೇಕಾಯಿತು. ಮದಿಹಾ ಹಿಂದಿಯಲ್ಲಿ ಹೇಳಿದರು, ಹೇಳುವಾಗ ಅವರ ಕೈ ಮೇಜನ್ನು ಮೆಲ್ಲಗೆ ಬಡಿಯುತ್ತಿತ್ತು. ಆಮೇಲೆ ಶೇವಂತಾಳಿಗೆ ಕನ್ನಡದಲ್ಲಿ ಹೇಳಿದರು: "ಅಮ್ಮಾ, ಕಾಲೇಜಿನಾಗ ನಾವು ಹಿಂಗೇ ಮಾಡ್ತೀವಿ. ರೋಗದ ಮಣ್ಣು ತಂದು ಹಾಕಿ ಅದರಾಗ ಬಿತ್ತಿ ನೋಡ್ತೀವಿ. ಇದನ್ನ ಕಲಿಯಾಕ ನಾನು ಆರು ವರ್ಷ ಓದೀನಿ. ನಿಮಗ ಯಾರು ಹೇಳಿದ್ರು?" ಶೇವಂತಾ ಯೋಚಿಸಿದಳು. "ಯಾರ ಹೇಳಬೇಕು ತಾಯಿ? ಗಿಡಾನೇ ಕೇಳಬೇಕಲ್ಲ, ನೀ ತಡೀತಿಯೇನು ಅಂತ."

ನೀಲಕಂಠ ಗಂಟಲು ಸರಿ ಮಾಡಿಕೊಂಡ. ಕಳವನ್ನು ಅವಳೇ ಒಪ್ಪಿದ್ದಾಳೆ, ತಳಿ ರಾಯರ ಹೊಲದ್ದು ಎಂದು ಸಾಬೀತಾಯಿತು ಎಂದ. ಶೇವಂತಾ ಅವನನ್ನು ನೋಡಲಿಲ್ಲ. ಆನಂದತೀರ್ಥರನ್ನು ನೋಡಿದಳು. ಅವರು ಈ ಹೊತ್ತಿನ ತನಕ ನೆಲ ನೋಡುತ್ತಲೇ ಕುಳಿತಿದ್ದರು.

"ರಾಯರ, ನಾ ಒಂದು ಮಾತು ಕೇಳ್ಲಿ?"

"ಉತ್ತರ ಕೊಡೋ ಅವಶ್ಯಕತಿ ಇಲ್ರೀ," ಎಂದ ನೀಲಕಂಠ. ಅಧಿಕಾರಿ ಮದಿಹಾರನ್ನು ಕೇಳಿ ತಿಳಿದುಕೊಂಡು, ಕೇಳಲಿ ಎಂದು ತಲೆ ಆಡಿಸಿದರು.

"ಆ ಹೊಲದಾಗಿನ ಗಿಡ ನಿಮ್ಮಪ್ಪಾರು ಏನ ಮಾಡಿದ್ರು?"

ಆನಂದತೀರ್ಥರು ಕನ್ನಡಕ ತೆಗೆದರು. "ಸುಡಿಸಿದ್ರು," ಎಂದರು.

"ಎಲ್ಲಾ?"

"ಎಲ್ಲಾ. ರೋಗ ಹಬ್ಬತದಂತ ಒಂದು ಕಡ್ಡಿ ಸೈತ ಬಿಡಲಿಲ್ಲ. ಬೆಂಕಿ ಹಚ್ಚಿದಾಗ ನಾನೇ ಅಲ್ಲಿದ್ದೆ." ವಕೀಲ ಅವರ ತೋಳು ಮುಟ್ಟಿದ, ಅವರು ತೋಳು ಬಿಡಿಸಿಕೊಂಡರು. "ಹಸಿರು ಗಿಡ ಒಂದು ಇತ್ತಂತ ನಮ್ಮನಿಯಾಗ ಯಾರಿಗೂ ಗೊತ್ತೇ ಇರಲಿಲ್ಲ. ಯಾರೂ ನೋಡಲಿಲ್ಲ."

"ನಾ ನೋಡಿದೆ," ಎಂದಳು ಶೇವಂತಾ.

ಅಷ್ಟೇ ಹೇಳಿ ಕುರ್ಚಿಯಲ್ಲಿ ಪೂರಾ ಹಿಂದಕ್ಕೆ ಒರಗಿದಳು. ಕುರ್ಚಿಗೆ ಬೆನ್ನು ಇದೆ ಎಂಬುದು ಅವಳಿಗೆ ಆಗ ಗೊತ್ತಾದಂತಿತ್ತು. ಅಧಿಕಾರಿ ಬಹಳ ಹೊತ್ತು ಬರೆದರು. ಮದಿಹಾರ ಎರಡು ವರ್ಷದ ವರದಿಯನ್ನು ಮತ್ತೊಮ್ಮೆ ತಿರುವಿದರು. ಹೊಲ ಸುಟ್ಟ ಮೇಲೆ ಎದುರು ಪಕ್ಷದವರು ಆ ತಳಿಯ ಬೀಜವನ್ನು ಯಾವ ವರ್ಷವಾದರೂ ಇಟ್ಟುಕೊಂಡದ್ದಕ್ಕೆ ಪುರಾವೆ ಇದೆಯೇ ಎಂದು ಕೇಳಿದರು. ನೀಲಕಂಠ ಕಾಗದ ಹುಡುಕಿದ, ಆನಂದತೀರ್ಥರು ಇಲ್ಲ ಎಂದರು. ಆಗ ಅಧಿಕಾರಿ ಹೇಳಿದ್ದನ್ನು ಮದಿಹಾ ಒಂದೊಂದೇ ಮಾತು ಬಿಡಿಸಿ ಕನ್ನಡದಲ್ಲಿ ಹೇಳಿದರು. ಗಿಡ ಮೊದಲು ಯಾರ ನೆಲದಲ್ಲಿ ಹುಟ್ಟಿತು ಎಂಬುದನ್ನು ಈ ಕಾಯ್ದೆ ಕೇಳುವುದಿಲ್ಲ. ಅದನ್ನು ಆರಿಸಿದವರು ಯಾರು, ಉಳಿಸಿದವರು ಯಾರು, ಬೆಳೆಸಿದವರು ಯಾರು ಎಂದು ಕೇಳುತ್ತದೆ. ಸುಟ್ಟು ಹೋಗಬೇಕಾಗಿದ್ದನ್ನು ತೆಗೆದದ್ದು ಇಲ್ಲಿ ತಮ್ಮ ಮುಂದಿರುವ ವಿಷಯವಲ್ಲ. ತಕರಾರು ವಜಾ. ಆದರೆ ತಳಿ ಅವಳ ಮಾವನದು ಎಂದು ಅರ್ಜಿಯಲ್ಲಿ ಇರುವ ಸಂಗತಿ ತಪ್ಪು, ಅದನ್ನು ತಿದ್ದಬೇಕು. ತಳಿ ಮಾಡಿದವರ ಹೆಸರು ಶೇವಂತಾ ಎಂದಾಗಬೇಕಾದರೆ ಈಗಿನ ಅರ್ಜಿದಾರ ಮಹಾದೇವಪ್ಪ ಒಪ್ಪಿ ಈ ಕಾಗದಕ್ಕೆ ಸಹಿ ಹಾಕಬೇಕು.

ಕಾವೇರಿ ಕಾಗದ ತೆಗೆದುಕೊಂಡು ಎರಡು ಸಲ ಓದಿದಳು. ಹೊರಗೆ ಬೇವಿನ ಮರದ ಕೆಳಗೆ ಆನಂದತೀರ್ಥರು ಕಾಯುತ್ತಾ ನಿಂತಿದ್ದರು. ಶೇವಂತಾ ಹತ್ತಿರ ಬಂದಾಗ ಕೈ ಮುಗಿದರು. ರಾಯರ ಮನೆಯವರು ತನಗೆ ಕೈ ಮುಗಿಯುವುದನ್ನು ಅವಳು ಕನಸಿನಲ್ಲೂ ಕಂಡಿರಲಿಲ್ಲ. ಅವಳ ಕೈ ಏನು ಮಾಡಬೇಕೆಂದು ತಿಳಿಯದೆ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. "ಶೇವಂತಾಬಾಯರ," ಎಂದರು, "ಆವತ್ತು ಉಡಿ ಬಿಚ್ಚಿಸಿದಾಗ ನಾ ಮುಖ ತಿರುಗಿಸಿದ್ದೆ. ಬ್ಯಾಡ ಅಪ್ಪಾ ಅನ್ನಬೇಕಾಗಿತ್ತು. ಅನ್ನಲಿಲ್ಲ." ಅವಳಿಗೆ ಕ್ಷಮೆಯ ಮಾತು ಯಾವುದೂ ತೋಚಲಿಲ್ಲ, ತೋಚಬೇಕು ಎಂದೂ ಅನ್ನಿಸಲಿಲ್ಲ. "ಇವತ್ತು ಖರೇ ಹೇಳಿದ್ರಲ್ಲ," ಎಂದಳು. "ಅದು ಆಯ್ತು ಬಿಡ್ರಿ." ನಂತರ ತಾನೇ ಮೊದಲು ಹೆಜ್ಜೆ ಮುಂದಿಟ್ಟು ಗೇಟಿನತ್ತ ನಡೆದಳು.

ಬಸ್ಸಿನಲ್ಲಿ ಕಾವೇರಿ ಫೋನಿನಲ್ಲಿ ಎಲ್ಲರಿಗೂ ಗೆದ್ದೆವು ಗೆದ್ದೆವು ಎಂದು ಹೇಳುತ್ತಲೇ ಇದ್ದಳು. ಮಾವನಿಗೂ ಹೇಳಿದಳು, ಕಾಗದದ ಸುದ್ದಿಯನ್ನು ಮಾತ್ರ ಹೇಳಲಿಲ್ಲ. ಶೇವಂತಾ ಕಿಟಕಿಯಿಂದ ಹೊಲಗಳನ್ನು ನೋಡುತ್ತಿದ್ದಳು. ಗೆದ್ದದ್ದು ನಿಜ, ಆದರೆ ಊರು ಹತ್ತಿರವಾದಂತೆ ಆ ಸಹಿಯ ಯೋಚನೆ ಹತ್ತಿತು. ಕಂಪನಿಯ ವಕೀಲನ ಎದುರು ಮಾತಾಡಬಹುದು. ನಲವತ್ತು ವರ್ಷ ಒಂದೇ ಮಡಕೆಯ ಅನ್ನ ಉಂಡ ಮನುಷ್ಯನಿಗೆ, ನಿಮ್ಮಪ್ಪನ ಹೆಸರು ಹೊಡೆದು ಹಾಕಿರಿ ಎಂದು ಹೇಳುವುದು ಹೇಗೆ? ಸಹಿ ಮಾಡದಿದ್ದರೆ? ಮಾಡದಿದ್ದರೆ ತಾನೇನು ಮಾಡುವವಳು? ಆಗಲಿ ಬಿಡು ಅನ್ನುವವಳೇ? ಅಲ್ಲ, ಎಂದಿತು ಒಳಗೆ ಏನೋ, ಸ್ಪಷ್ಟವಾಗಿ. ಇನ್ನು ಅನ್ನುವುದಿಲ್ಲ.

ಕಮಲಾಪುರದಲ್ಲಿ ಇಳಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ನಿಲ್ದಾಣದ ಎದುರು ಕರೀಂಸಾಬನ ಕೆಂಪು ಬಾಳೆಹಣ್ಣಿನ ಅಂಗಡಿಯ ಬೆಂಚಿನ ಮೇಲೆ ಮಹಾದೇವಪ್ಪ ಕೋಲು ಊರಿಕೊಂಡು ಕುಳಿತಿದ್ದ. ಮೊಣಕಾಲು ನೋವಿನಲ್ಲೂ ಅಲ್ಲಿವರೆಗೆ ನಡೆದು ಬಂದಿದ್ದ. "ಗೆದ್ದಿರಂತಲ್ಲ!" ಎಂದು ಕೋಲು ಎತ್ತಿದ. "ನಾ ಹೇಳಿದಂಗ ಹೇಳಿದಿ ಇಲ್ಲ? ನಮ್ಮಪ್ಪಂದು ಅಂತ?"

"ಮೊದಲು ಹಂಗೇ ಹೇಳಿದೆ," ಎಂದಳು ಶೇವಂತಾ. ಅವನ ಎದುರಿಗೇ ನಿಂತಳು. "ಆಮ್ಯಾಲ ಖರೇ ಹೇಳಿದೆ. ಬೀಜ ನಿಮ್ಮಪ್ಪಂದಲ್ಲ. ನಾ ಬಂಡುರಾಯರ ಹೊಲದಾಗ ಕದ್ದು ತಂದದ್ದು. ಆರಿಸಿದ್ದೂ ನಾನು, ಉಳಿಸಿದ್ದೂ ನಾನು. ನಿಮಗ ಹೇಳಲಿಲ್ಲ, ಅದು ನನ್ನ ತಪ್ಪು. ಈಗ ನಿಮ್ಮಪ್ಪನ ಹೆಸರು ತಗದು ನನ್ನ ಹೆಸರು ಹಾಕಬೇಕಂತ, ಅದಕ್ಕ ನಿಮ್ಮ ಸಹಿ ಬೇಕು."

ಕರೀಂಸಾಬ ಹಣ್ಣು ತೂಗುತ್ತಿದ್ದ ಕೈ ನಿಲ್ಲಿಸಿದ. ಮಹಾದೇವಪ್ಪ ಕೋಲನ್ನು ನೆಲಕ್ಕೆ ಊರಿ ಅದರ ತುದಿಯನ್ನೇ ನೋಡುತ್ತಾ ಕುಳಿತ. ಹುಮನಾಬಾದ ಕಡೆಯ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಶೇವಂತಾ ಕದಲಲಿಲ್ಲ. ಕಾವೇರಿ ಕಾಗದವನ್ನು ಮುಂದೆ ಚಾಚಿದಳು.

"ಖರೇ ಹೇಳ್ಲಿ?" ಎಂದ ಮಹಾದೇವಪ್ಪ ಕೊನೆಗೆ. "ನಮ್ಮಪ್ಪ ತೊಗರಿ ಬಿತ್ತಿದ್ದು ನಾ ಒಂದಿನಾನೂ ನೋಡಿಲ್ಲ. ಅಂವ ಹುಟ್ಟಾ ಕಲ್ಲು ಒಡ್ಯಾಂವ."

ಮೊದಲು ನಕ್ಕವನು ಕರೀಂಸಾಬ. ಆಮೇಲೆ ಶೇವಂತಾಳಿಗೆ ನಗು ಬಂತು, ಬೆಂಚು ಹಿಡಿದುಕೊಳ್ಳುವಷ್ಟು, ಸೆರಗು ಜಾರಿದರೂ ಸರಿಮಾಡಿಕೊಳ್ಳದಷ್ಟು. ಮಹಾದೇವಪ್ಪ ಅವಳನ್ನು ದಿಟ್ಟಿಸುತ್ತಿದ್ದ, ಇಷ್ಟು ದಿನ ಪಕ್ಕದಲ್ಲೇ ಇದ್ದವಳನ್ನು ಈಗ ಕಂಡವನ ಹಾಗೆ. "ಬಂಡುರಾಯನ ಕೈಯಿಂದ ಪಾರಾಗಿ ತಂದಿ?" ಎಂದ. "ಅಂಥಾ ಹುಲಿ ಕೈಯಿಂದ?" ಸೊಸೆಯತ್ತ ಕೈ ಚಾಚಿದ. "ತಾ ಇಲ್ಲಿ ಪೆನ್ನು." ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಒಂದೊಂದೇ ಅಕ್ಷರ ಒತ್ತಿ, ಸಹಿ ಮಾಡಿದ. ಮಾಡಿ, ಬಸ್ಸಿಗೆ ಕಾಯುತ್ತಿದ್ದ ಜನಕ್ಕೆಲ್ಲ ಕೇಳುವಂತೆ ಕೂಗಿದ:

"ಕೇಳ್ರಪ್ಪೋ, ನೆಟೆಗೆ ಸಾಯದ ತೊಗರಿ ಬೀಜ ಬೇಕಾದವರು ಇನ್ನ ನನಗ ಕೇಳಬ್ಯಾಡ್ರಿ. ಈಕೀನ ಕೇಳ್ರಿ. ಬೀಜ ಈಕಿದು."